ಪುಷ್ಪಕ ವಿಮಾನ ಇದ್ದ ಮೇಲೆ ವೈಜ್ಞಾನಿಕ ಕತೆ ಯಾಕೆ ಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳಿಂದ ವೈಜ್ಞಾನಿಕ ಕತೆಗಳನ್ನು ಬರೆಯುತ್ತಿದ್ದೇನೆ. ಒಟ್ಟು ಒಂಬತ್ತು ಕತೆಗಳಾಗಿವೆ. ಅಚ್ಚಾಗಿದ್ದು ಎರಡೇ, ಅದೂ ಮಕ್ಕಳ ಪುಟದಲ್ಲಿ. ಒಂದು ಪತ್ರಿಕೆಯವರು "ಇದು ಕತೆಯಲ್ಲ, ಪಾಠ" ಎಂದು ವಾಪಸ್ ಕಳಿಸಿದರು. ಕನ್ನಡ ಕಲಿಸುವ ಸಹೋದ್ಯೋಗಿಯೊಬ್ಬರು "ಸೈನ್ಸ್ ಫಿಕ್ಷನ್ ಅಮೆರಿಕದವರ ವ್ಯಾಪಾರದ ಸರಕು, ಅದು ಸಾಹಿತ್ಯ ಅಲ್ಲ" ಎನ್ನುತ್ತಾರೆ. ನಮ್ಮ ಮಾವನವರು "ಪುಷ್ಪಕ ವಿಮಾನದಿಂದ ಹಿಡಿದು ಎಲ್ಲ ನಮ್ಮ ಪುರಾಣದಲ್ಲೇ ಇದೆಯಲ್ಲಮ್ಮಾ, ನೀನು ಹೊಸದಾಗಿ ಬರೆಯುವುದೇನು?" ಎಂದು ಕೇಳುತ್ತಾರೆ. ಇದಕ್ಕಿಂತ ಜಾಸ್ತಿ ಬೇಜಾರು ಇನ್ನೊಂದಿದೆ. 2019ರಲ್ಲಿ ಒಂದು ಕತೆ ಬರೆದೆ. ಸತ್ತುಹೋದ ಗಂಡನ ದನಿಯಲ್ಲಿ ಮಾತಾಡುವ ಫೋನು, ದಿನಾ ರಾತ್ರಿ ಅದರ ಜೊತೆ ಮಾತಾಡುವ ಹೆಂಡತಿ, ಆ ಫೋನನ್ನು ಮುಟ್ಟಲೂ ಒಪ್ಪದ ಅತ್ತೆ. ಈಗ ಅಂಥ ತಂತ್ರಜ್ಞಾನ ನಿಜವಾಗಿಯೇ ಬಂದುಬಿಟ್ಟಿದೆ. ನನ್ನ ಕತೆ ಹಳೇ ಸುದ್ದಿಯಾಯಿತು. ಈ ಬಗೆಯ ಬರವಣಿಗೆ ನಿಜಕ್ಕೂ ಎಲ್ಲಿ ಹುಟ್ಟಿತು? ನಾನು ಮುಂದುವರಿಸಬೇಕೆ, ಮಕ್ಕಳಿಗಷ್ಟೇ ಬರೆಯಬೇಕೆ, ಇಲ್ಲ ಇದನ್ನು ಬಿಟ್ಟು ಎಲ್ಲರ ಹಾಗೆ ಸಾಮಾಜಿಕ ಕತೆ ಬರೆಯಬೇಕೆ? ಆ ಕತೆಯನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೇಡಂ, ನಿಮ್ಮ ಪತ್ರವನ್ನೂ ಕತೆಯನ್ನೂ ಎರಡೆರಡು ಸಲ ಓದಿದೆ. ಕತೆಯ ಮಾತು ಕೊನೆಗೆ ಬರಲಿ. ನೀವು ಬಿಡಿಬಿಡಿಯಾಗಿ ಕೇಳಿದ್ದೀರಿ, ಆದರೆ ಒಳಗಿನ ಅಳುಕು ಒಂದೇ ಅಂತ ನನಗೆ ಅನಿಸಿತು. ನಾನು ಬರೆಯುತ್ತಿರುವುದಕ್ಕೆ ಬೇರು ಇದೆಯೇ, ಇಲ್ಲ ಎಲ್ಲಿಂದಲೋ ತಂದು ಸುಮ್ನೆ ನೆಟ್ಟ ಗಿಡವೇ? ನಾನು ಬಹಳ ವರ್ಷ ಕಾಲೇಜಿನಲ್ಲಿ ಸಾಹಿತ್ಯ ಕಲಿಸಿದವನು. ಈ ಪ್ರಕಾರದ ಚರಿತ್ರೆಯನ್ನು ಪಾಠ ಮಾಡಿದ್ದೇನೆ. ಕಥಾಸ್ಪರ್ಧೆಗಳಿಗೆ ಬಂದ ಕತೆಗಳನ್ನು ಕಟ್ಟುಗಟ್ಟಲೆ ಓದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ಬೇರು ಇದೆ. ಅದು ಅಮೆರಿಕದ ಪತ್ರಿಕೆಗಳಿಗಿಂತ ಹಳೆಯದು, ಪುರಾಣಕ್ಕಿಂತ ಬೇರೆಯದು.

ಮೊದಲು ನಿಮ್ಮ ಮಾವನವರ ಮಾತು ತೆಗೆದುಕೊಳ್ಳೋಣ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಭಾಗವತದಲ್ಲಿ ಕಕುದ್ಮಿ ರಾಜನ ಕತೆ ಬರುತ್ತದೆ. ಮಗಳು ರೇವತಿಗೆ ಯಾರು ತಕ್ಕ ವರ ಎಂದು ಕೇಳಲು ಅವನು ಮಗಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ನಡೆದಿರುತ್ತದೆ. ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ. ನೀನು ಕಾದ ಆ ಹೊತ್ತಿನಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋದವು, ನಿನ್ನ ಮನಸ್ಸಿನಲ್ಲಿದ್ದ ವರಗಳಲ್ಲಿ ಒಬ್ಬನೂ ಈಗ ಉಳಿದಿಲ್ಲ ಅನ್ನುತ್ತಾನೆ. ಎಂಥ ಅದ್ಭುತ ಕಲ್ಪನೆ ಅಲ್ವಾ? ನಾನು ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಿದ್ದರು.

ಈಗ ಇದರ ಪಕ್ಕದಲ್ಲಿ ಎಚ್. ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮಷಿನ್' ಇಟ್ಟು ನೋಡಿ. ಅಲ್ಲೂ ಒಬ್ಬ ಮನುಷ್ಯ ಯುಗಗಳನ್ನು ದಾಟುತ್ತಾನೆ. ಆದರೆ ಕತೆ ಶುರುವಾಗುವುದು ಒಂದು ಮನೆಯ ಗುರುವಾರದ ಊಟದ ಕೂಟದಲ್ಲಿ. ಡಾಕ್ಟರ್ ಇದ್ದಾರೆ, ಮನಶ್ಶಾಸ್ತ್ರಜ್ಞ ಇದ್ದಾರೆ, ನಂಬದೆ ತಲೆ ಕೊಡವುವವರಿದ್ದಾರೆ. ಅವರ ಮುಂದೆ ಆತ ಯಂತ್ರದ ಪುಟ್ಟ ಮಾದರಿಯನ್ನು ಮೇಜಿನ ಮೇಲೆ ಇಡುತ್ತಾನೆ. ಅದಕ್ಕೆ ಲಿವರ್ ಇದೆ. ಅವನು ಅದನ್ನು ತನ್ನ ಮನೆಯ ವರ್ಕ್‌ಶಾಪಿನಲ್ಲಿ ಕೈಯಾರೆ ಕಟ್ಟಿದ್ದಾನೆ. ಕಕುದ್ಮಿಗೆ ಕಾಲ ಜಾರಿದ್ದು ಬ್ರಹ್ಮಲೋಕದ ಸ್ವಭಾವದಿಂದ. ಇಲ್ಲಿ ಕಾಲ ಜಾರುವುದು ಒಬ್ಬ ಮನುಷ್ಯನ ಕೈಕೆಲಸದಿಂದ. ಪುರಾಣ ಕೇಳುವವರು "ಅದು ಹೇಗೆ?" ಎಂದು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ವೈಜ್ಞಾನಿಕ ಕತೆ ಓದುವವರು ಕೇಳಿಯೇ ಕೇಳುತ್ತಾರೆ. ಆ ಕೇಳುವ ಓದುಗರು ಹುಟ್ಟಿದಾಗಲೇ ಈ ಪ್ರಕಾರವೂ ಹುಟ್ಟಿತು.

ಹಾಗಾಗಿ ಪುರಾಣವನ್ನು ವೈಜ್ಞಾನಿಕ ಕತೆ ಅಂದರೆ ಎರಡಕ್ಕೂ ಅನ್ಯಾಯ. ಪುರಾಣದ ಕೆಲಸವೇ ಬೇರೆ, ಅದರ ಎತ್ತರವೇ ಬೇರೆ. ಪುರಾಣದಲ್ಲಿ ವಿಮಾನದ ತಂತ್ರವೂ ಇತ್ತು ಎಂದು ಮಾವನವರು ಹೇಳಿದರೆ ನಮ್ಮದೇ ನೆಲದ ಒಂದು ಸಂಗತಿಯನ್ನು ಅವರಿಗೆ ಮೃದುವಾಗಿ ಹೇಳಿ. 'ವೈಮಾನಿಕ ಶಾಸ್ತ್ರ' ಎಂಬ ಪುಸ್ತಕವನ್ನು ಜನ ಭರದ್ವಾಜ ಮಹರ್ಷಿಗಳ ಕಾಲದ್ದು ಎನ್ನುತ್ತಾರೆ. ಅದನ್ನು ಬಾಯಲ್ಲಿ ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಬರೆಸಿದ್ದು 1918ರಿಂದ 1923ರ ನಡುವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಅದನ್ನು ಕೂಲಂಕಷವಾಗಿ ಓದಿ 1974ರಲ್ಲಿ ವರದಿ ಬರೆದರು. ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು, ಪಠ್ಯವೂ ಪ್ರಾಚೀನವಲ್ಲ ಎಂದು ತೋರಿಸಿಕೊಟ್ಟರು. ಇದರಿಂದ ವಾಲ್ಮೀಕಿಗೆ ಒಂದು ಚೂರೂ ಕುಂದಿಲ್ಲ. ಪುಷ್ಪಕ ಹಾರುವುದು ಕಾವ್ಯದ ಬಲದಿಂದ.

ಹಾಗಾದರೆ ಆ ಕೇಳುವ ಓದುಗರು ಹುಟ್ಟಿದ್ದು ಯಾವಾಗ? ಒಂದೇ ದಿನಾಂಕ ಹೇಳಲು ಆಗುವುದಿಲ್ಲ. ಎರಡನೇ ಶತಮಾನದಲ್ಲೇ ಲೂಸಿಯನ್ ಎಂಬ ಗ್ರೀಕ್ ಲೇಖಕ ಚಂದ್ರನಿಗೆ ಹೋಗುವ ಕತೆ ಬರೆದಿದ್ದ. ಗ್ರಹಗಳ ಚಲನೆಯ ನಿಯಮ ಕೊಟ್ಟ ಕೆಪ್ಲರ್ ಬರೆದ ಚಂದ್ರಯಾನದ ಕನಸು ಅವರು ತೀರಿಕೊಂಡ ಮೇಲೆ, 1634ರಲ್ಲಿ ಅಚ್ಚಾಯಿತು. ಆದರೂ ನನ್ನನ್ನು ಕೇಳಿದರೆ ನಾನು 1816ರ ಒಂದು ಮಳೆಗಾಲದಂಥ ಬೇಸಿಗೆಯನ್ನೇ ಹೇಳುತ್ತೇನೆ. ಬ್ರಯನ್ ಆಲ್ಡಿಸ್ ಎಂಬ ಲೇಖಕ 1973ರಲ್ಲಿ ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟರು. ಎಲ್ಲರೂ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

ಅದರ ಹಿಂದಿನ ವರ್ಷ, 1815ರ ಏಪ್ರಿಲ್‌ನಲ್ಲಿ, ಇಂಡೊನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದು ಮೇಲಕ್ಕೆ ಎರಚಿದ ಬೂದಿ ಮತ್ತು ಗಂಧಕದ ಹೊದಿಕೆ ಬಿಸಿಲನ್ನು ತಡೆಯಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಒಂದು ಮನೆಯಲ್ಲಿ ಕವಿ ಬೈರನ್, ಕವಿ ಶೆಲ್ಲಿ, ಇನ್ನೂ ಕೆಲವರು ಮಳೆಗೆ ಸಿಕ್ಕಿ ಒಳಗೇ ಕೂತಿದ್ದರು. ಹೊತ್ತು ಕಳೆಯಲು ಒಬ್ಬೊಬ್ಬರೂ ಒಂದು ದೆವ್ವದ ಕತೆ ಬರೆಯೋಣ ಎಂದು ಮಾತಾಯಿತು. ಅಲ್ಲಿದ್ದ ಹದಿನೆಂಟರ ಹೆಣ್ಣುಮಗಳು, ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದವರು, ಬರೆಯಲು ಹೊರಟ ಕತೆಯೇ 'ಫ್ರಾಂಕೆನ್‌ಸ್ಟೈನ್'. 1818ರ ಜನವರಿ 1ರಂದು ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಅಚ್ಚಾಗಿದ್ದು 500 ಪ್ರತಿ. ಪುಸ್ತಕದ ಮೇಲೆ ಲೇಖಕಿಯ ಹೆಸರೇ ಇರಲಿಲ್ಲ.

ದೆವ್ವದ ಕತೆ ಬರೆಯಲು ಕೂತವರು ದೆವ್ವವನ್ನು ಬಿಟ್ಟುಬಿಟ್ಟರು. ಇದು ನನಗೆ ಬಹಳ ಮುಖ್ಯ. ಆ ಕಾಲದ ಗಾಳಿಯಲ್ಲಿ ಬೇರೆ ಸುದ್ದಿ ಇತ್ತು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ತಾಗಿಸಿ ಅದು ಅದುರುವುದನ್ನು ತೋರಿಸಿದ್ದರು. ಅವರ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಒಬ್ಬ ಕೈದಿಯ ಶವಕ್ಕೆ ವಿದ್ಯುತ್ ಹಾಯಿಸಿದಾಗ ದವಡೆ ಅಲುಗಿತು, ಒಂದು ಕಣ್ಣು ತೆರೆಯಿತು. ಕಾದಂಬರಿಯ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹುಡುಗನಾಗಿದ್ದಾಗ ಹಳೆಯ ರಸವಾದಿಗಳ ಪುಸ್ತಕ ಓದಿ ಮರುಳಾಗಿರುತ್ತಾನೆ. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅದನ್ನು ಬಿಟ್ಟು ರಸಾಯನಶಾಸ್ತ್ರ ಕಲಿಯುತ್ತಾನೆ. ಮಂತ್ರದ ಪುಸ್ತಕ ಕೆಳಗಿಟ್ಟು ಪ್ರಯೋಗಾಲಯಕ್ಕೆ ನಡೆದ ಆ ಹೆಜ್ಜೆಯಲ್ಲೇ ಹೊಸ ಪ್ರಕಾರದ ಬಾಗಿಲು ತೆರೆಯಿತು.

ಆ ಹೆಸರಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಫ್ರಾಂಕೆನ್‌ಸ್ಟೈನ್ ಎಂಬುದು ಮಾಡಿದವನ ಹೆಸರು. ಅವನು ಮಾಡಿದ ಜೀವಿಗೆ ಹೆಸರೇ ಇಲ್ಲ. ಅದು ಕಣ್ಣು ಬಿಟ್ಟ ಕೂಡಲೇ ವಿಕ್ಟರ್ ಹೆದರಿ ಓಡಿಹೋಗುತ್ತಾನೆ. ಅವನ ತಪ್ಪು ಜೀವ ಕೊಟ್ಟಿದ್ದಕ್ಕಿಂತ ಜಾಸ್ತಿ, ಕೊಟ್ಟ ಮೇಲೆ ಕೈಬಿಟ್ಟಿದ್ದರಲ್ಲಿದೆ. ನಮ್ಮ ಭಸ್ಮಾಸುರನ ಕತೆಯಲ್ಲೂ ಕೊಟ್ಟ ವರವೇ ಕೊಟ್ಟವನನ್ನು ಅಟ್ಟಿಸಿಕೊಂಡು ಬರುತ್ತದೆ. ಆದರೆ ಅಲ್ಲಿ ಕೊನೆಗೆ ಮೋಹಿನಿ ಬರುತ್ತಾಳೆ. ವಿಕ್ಟರನ ಕತೆಯಲ್ಲಿ ಯಾರೂ ಬರುವುದಿಲ್ಲ. ಮನುಷ್ಯ ಮಾಡಿದ್ದನ್ನು ಮನುಷ್ಯನೇ ಅನುಭವಿಸಬೇಕು. ಇಷ್ಟು ಹೇಳಿದರೆ ಮಾವನವರಿಗೆ ನೀವು ಹೊಸದಾಗಿ ಏನು ಬರೆಯುತ್ತಿದ್ದೀರಿ ಎಂಬುದು ಅರ್ಥವಾದೀತು.

ಆ ಕಾಲದಲ್ಲೇ ಇದು ಯಾಕೆ ಆಯಿತು ಎಂದು ಕೇಳಬಹುದು. ಅದಕ್ಕೂ ಹಿಂದೆ ಅಜ್ಜ ಬದುಕಿದ ಹಾಗೆಯೇ ಮೊಮ್ಮಗ ಬದುಕುತ್ತಿದ್ದ. ಬರ ಬರುತ್ತಿತ್ತು, ರಾಜ ಬದಲಾಗುತ್ತಿದ್ದ, ಆದರೆ ನೇಗಿಲು ಅದೇ, ಗಾಡಿಯ ವೇಗ ಅದೇ. ಉಗಿಯಂತ್ರ, ರೈಲು, ತಂತಿ ಬಂದ ಮೇಲೆ ಒಂದೇ ಆಯುಷ್ಯದೊಳಗೆ ಲೋಕ ಗುರುತು ಸಿಗದಷ್ಟು ಬದಲಾಗತೊಡಗಿತು. ಭೂಗರ್ಭಶಾಸ್ತ್ರಜ್ಞರು ಭೂಮಿಯ ವಯಸ್ಸನ್ನು ಊಹೆಗೆ ಮೀರಿ ಹಿಗ್ಗಿಸಿದರು. 1859ರಲ್ಲಿ ಡಾರ್ವಿನ್ ಪುಸ್ತಕ ಬಂತು. ಮನುಷ್ಯ ಹೀಗೇ ಇರಲಿಲ್ಲ, ಹೀಗೇ ಇರುವುದೂ ಇಲ್ಲ ಎಂಬ ಯೋಚನೆ ಜನರ ತಲೆಯೊಳಗೆ ಬಂತು. ನಾಳೆ ಇವತ್ತಿನ ಹಾಗೆ ಇರುವುದಿಲ್ಲ ಎಂದಾದ ಮೇಲೆ ನಾಳೆಯ ಬಗ್ಗೆ ಕತೆ ಬೇಕಾಯಿತು. ವೆಲ್ಸ್ ವಿದ್ಯಾರ್ಥಿಯಾಗಿದ್ದಾಗ ಡಾರ್ವಿನ್ ಪರವಾಗಿ ಹೋರಾಡಿದ ಟಿ. ಎಚ್. ಹಕ್ಸ್‌ಲಿ ಅವರ ಜೀವಶಾಸ್ತ್ರದ ತರಗತಿಯಲ್ಲಿ ಕೂತಿದ್ದವರು. ಅವರ ಕಾಲಯಾತ್ರಿಕ 8,02,701ನೇ ವರ್ಷಕ್ಕೆ ಹೋದಾಗ ಮನುಷ್ಯಕುಲ ಎರಡಾಗಿ ಒಡೆದಿರುತ್ತದೆ. ಕೂತು ತಿಂದವರ ಸಂತತಿ ನೆಲದ ಮೇಲೆ, ದುಡಿದವರ ಸಂತತಿ ನೆಲದ ಕೆಳಗೆ. ಯಂತ್ರ ಬರೀ ಗಾಡಿ. ಅದು ಕರೆದುಕೊಂಡು ಹೋಗುವುದು ಲಂಡನ್ನಿನ ಬಡವ-ಬಲ್ಲಿದರ ಕತೆಗೇ.

ವೆಲ್ಸ್‌ಗಿಂತ ಮುಂಚೆ ಫ್ರಾನ್ಸಿನಲ್ಲಿ ಜೂಲ್ಸ್ ವರ್ನ್ ಇದ್ದರು. 1863ರಲ್ಲಿ ಬಲೂನಿನ ಕಾದಂಬರಿಯಿಂದ ಶುರುಮಾಡಿ ಭೂಗರ್ಭ, ಚಂದ್ರ, ಕಡಲಾಳ ಎಲ್ಲ ಸುತ್ತಿಸಿದರು. ಇವರಿಬ್ಬರ ನಡುವೆ ಒಂದು ಭಿನ್ನಾಭಿಪ್ರಾಯ ಇತ್ತು. ವರ್ನ್ ತಮ್ಮ ಯಾತ್ರಿಗಳನ್ನು ಫಿರಂಗಿಯಲ್ಲಿ ಕೂರಿಸಿ ಚಂದ್ರನ ಕಡೆ ಹಾರಿಸಿದ್ದರು. ವೆಲ್ಸ್ ಗುರುತ್ವವನ್ನು ತಡೆಯುವ ಒಂದು ವಸ್ತುವನ್ನು ಊಹಿಸಿಕೊಂಡರು. ನಾನು ಮದ್ದುಗುಂಡು ಬಳಸಿದೆ, ಅವರು ಇಲ್ಲದ್ದನ್ನು ಹುಟ್ಟಿಸುತ್ತಾರೆ, ಎಲ್ಲಿದೆ ಆ ಲೋಹ ತೋರಿಸಲಿ ಎಂಬ ಅರ್ಥದಲ್ಲಿ ವರ್ನ್ ತಕರಾರು ಎತ್ತಿದರು. ಸ್ವಾರಸ್ಯ ಏನೆಂದರೆ, ಆ ಫಿರಂಗಿಯಿಂದ ನಿಜವಾಗಿ ಹಾರಿದ್ದರೆ ಒಳಗಿನವರು ಆ ಕ್ಷಣವೇ ಜಜ್ಜಿಹೋಗುತ್ತಿದ್ದರು. ನೀವು ಭೌತಶಾಸ್ತ್ರ ಕಲಿಸುವವರು, ವೇಗೋತ್ಕರ್ಷದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲೆಕ್ಕ ತಪ್ಪಿದರೂ ಪುಸ್ತಕ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಕತೆ ಹಳೇದಾಯಿತು ಎಂಬ ನಿಮ್ಮ ಬೇಜಾರಿಗೆ ಬೇಕಾಗುತ್ತದೆ.

ಇನ್ನು ನಿಮ್ಮ ಸಹೋದ್ಯೋಗಿಯ ಮಾತು. ಅಮೆರಿಕ ಈ ಪ್ರಕಾರವನ್ನು ಹೆರಲಿಲ್ಲ. ಆದರೆ ಅದಕ್ಕೆ ಹೆಸರಿಟ್ಟು, ಅಂಗಡಿ ಹಾಕಿಕೊಟ್ಟಿತು. ಹ್ಯೂಗೊ ಗರ್ನ್ಸ್‌ಬ್ಯಾಕ್ ಲಕ್ಸೆಂಬರ್ಗಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಹೋದವರು. ರೇಡಿಯೊ ಬಿಡಿಭಾಗ ಮಾರುತ್ತಿದ್ದರು, ರೇಡಿಯೊ ಪತ್ರಿಕೆ ನಡೆಸುತ್ತಿದ್ದರು. 1926ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ತೆಗೆದರು. ಬರೀ ಈ ಬಗೆಯ ಕತೆಗಳಿಗೆ ಮೀಸಲಾದ ಪತ್ರಿಕೆ ಅದು. ಮೊದಲ ಸಂಚಿಕೆಯಲ್ಲಿ ವರ್ನ್, ವೆಲ್ಸ್, ಎಡ್ಗರ್ ಅಲನ್ ಪೋ ಅವರ ಹಳೆಯ ಕತೆಗಳನ್ನೇ ಮತ್ತೆ ಅಚ್ಚು ಹಾಕಿದರು. ಸರಕು ಮೊದಲೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಅವರು ಮೊದಲು ಇಟ್ಟ ಹೆಸರು 'ಸೈಂಟಿಫಿಕ್ಷನ್'. 1929ರಲ್ಲಿ ಆ ಪತ್ರಿಕೆ ಕೈತಪ್ಪಿ ಹೊಸದನ್ನು ಶುರುಮಾಡಿದಾಗ 'ಸೈನ್ಸ್ ಫಿಕ್ಷನ್' ಎಂಬ ಮಾತು ಚಲಾವಣೆಗೆ ಬಂತು.

ಅಗ್ಗದ ಕಾಗದ, ಕಣ್ಣು ಕುಕ್ಕುವ ಬಣ್ಣದ ಮುಖಪುಟ, ಲೇಖಕರಿಗೆ ಕೊಡುತ್ತಿದ್ದದ್ದು ಪುಡಿಗಾಸು. ಅಂಥ ಪತ್ರಿಕೆಗಳಲ್ಲಿ ಬಂದದ್ದೆಲ್ಲ ಕೀಳು ಎಂಬ ಅಭಿಪ್ರಾಯ ಹುಟ್ಟಿದ್ದು ಆಗಲೇ. ನಿಮ್ಮ ಸಹೋದ್ಯೋಗಿ ಹೇಳುತ್ತಿರುವುದು ಅದೇ ಅಭಿಪ್ರಾಯದ ಮುಂದುವರಿಕೆ. ಅದರಲ್ಲಿ ಸುಳ್ಳಿಲ್ಲ, ಕಸ ಬಹಳ ಇತ್ತು. ಆದರೆ ಇನ್ನೊಂದು ಕೆಲಸವೂ ಅಲ್ಲೇ ಆಯಿತು. ಗರ್ನ್ಸ್‌ಬ್ಯಾಕ್ ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚು ಹಾಕಿದರು. ಓದುಗರು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡರು, ಸಂಘ ಕಟ್ಟಿದರು, ತಾವೇ ಬರೆಯತೊಡಗಿದರು. ಬೇರೆ ಯಾವ ಸಾಹಿತ್ಯ ಪ್ರಕಾರದಲ್ಲೂ ಓದುಗರು ಹೀಗೆ ಒಂದು ಕುಟುಂಬದಂತೆ ಬೆಳೆದದ್ದನ್ನು ನಾನು ಕಂಡಿಲ್ಲ. 1937ರ ಕೊನೆಗೆ 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕರಾದ ಜಾನ್ ಕ್ಯಾಂಪ್‌ಬೆಲ್ ಕತೆಯ ಗಮನವನ್ನು ಯಂತ್ರದಿಂದ ಅದರ ಜೊತೆ ಬದುಕುವವರ ಕಡೆ ತಿರುಗಿಸಿದರು. ರೋಬಾಟ್ ಮನುಷ್ಯರಿಗೆ ಹಾನಿ ಮಾಡಬಾರದು ಎಂಬಂಥ, ಲೇಖಕ ಐಸಾಕ್ ಅಸಿಮೋವ್ ಅವರ ರೋಬಾಟ್ ನಿಯಮಗಳು 1942ರಲ್ಲಿ ರೂಪುಗೊಂಡದ್ದು ಆ ಪತ್ರಿಕೆಯಲ್ಲೇ.

ರೋಬಾಟ್ ಎಂಬ ಪದ ಕೂಡ ಅಮೆರಿಕದ್ದಲ್ಲ. ಅದು ಜೆಕ್ ಭಾಷೆಯದು. ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂತು, ಪದ ಸೂಚಿಸಿದ್ದು ಅವರ ಅಣ್ಣ ಯೋಸೆಫ್. ಮೂಲದ 'ರೊಬೊಟಾ' ಎಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಒಂದು ಸಾಲು ಬೇಕು. ಕನ್ನಡದಲ್ಲಿ 'ಬಿಟ್ಟಿ ಚಾಕರಿ' ಅಂದರೆ ಮುಗಿಯಿತು. ಹಳ್ಳಿಯ ಓದುಗರಿಗೆ ರೋಬಾಟ್ ಕತೆ ಅರ್ಥವಾಗುವುದಿಲ್ಲ ಎನ್ನುವವರಿಗೆ ನಾನು ಈ ಪದವನ್ನೇ ತೋರಿಸುತ್ತೇನೆ.

ಭಾರತದ ಮಾತಿಗೆ ಬಂದರೆ, ಗರ್ನ್ಸ್‌ಬ್ಯಾಕ್ ಪತ್ರಿಕೆ ತೆಗೆಯುವ 30 ವರ್ಷ ಮೊದಲೇ, 1896ರಲ್ಲಿ, ಜಗದೀಶ್ ಚಂದ್ರ ಬೋಸ್ ಬಂಗಾಳಿಯಲ್ಲಿ ಒಂದು ಕತೆ ಬರೆದರು. ರೇಡಿಯೊ ಅಲೆಗಳ ಮೇಲೆ ಕೆಲಸ ಮಾಡಿದ ಅದೇ ವಿಜ್ಞಾನಿ. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದು ಕಥಾಸ್ಪರ್ಧೆ ಇಟ್ಟಿತ್ತು. ಕತೆಯಲ್ಲಿ ಕಲ್ಕತ್ತಾದ ಕಡೆ ಬರಬೇಕಿದ್ದ ಚಂಡಮಾರುತ ದಾರಿಯಲ್ಲೇ ಮಾಯವಾಗುತ್ತದೆ. ಹವಾಮಾನ ಇಲಾಖೆಗೆ ತಲೆಬುಡ ಗೊತ್ತಾಗುವುದಿಲ್ಲ. ಕೊನೆಗೆ ನೋಡಿದರೆ ಹಡಗಿನಲ್ಲಿದ್ದ ಒಬ್ಬ ಪ್ರಯಾಣಿಕ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕಡಲಿಗೆ ಎಸೆದಿರುತ್ತಾನೆ. ಎಣ್ಣೆ ಹರಡಿದರೆ ನೀರಿನ ಅಲೆ ತಗ್ಗುತ್ತದೆ ಎಂಬ ನಿಜ ವಿಜ್ಞಾನದ ಮೇಲೆ ನಿಂತ ಕತೆ ಅದು. ಮೊದಲ ಬಹುಮಾನ ಬಂತು.

ಒಂಬತ್ತು ವರ್ಷದ ಮೇಲೆ, 1905ರಲ್ಲಿ, ಮದ್ರಾಸಿನಿಂದ ಬರುತ್ತಿದ್ದ ಮಹಿಳೆಯರ ಇಂಗ್ಲಿಷ್ ಪತ್ರಿಕೆಯಲ್ಲಿ ಬೇಗಂ ರೊಕೆಯಾ ಅವರ 'ಸುಲ್ತಾನಾಳ ಕನಸು' ಬಂತು. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಆಡಳಿತದಲ್ಲಿ. ಹೆಣ್ಣುಮಕ್ಕಳ ವಿಶ್ವವಿದ್ಯಾಲಯಗಳು ಮೋಡದಿಂದ ನೇರವಾಗಿ ನೀರು ಇಳಿಸುತ್ತವೆ, ಸೂರ್ಯನ ಶಾಖವನ್ನು ಹಿಡಿದಿಟ್ಟು ಅಡುಗೆಗೂ ಬಳಸುತ್ತವೆ, ಶತ್ರುಗಳನ್ನು ಓಡಿಸಲೂ ಬಳಸುತ್ತವೆ. ಗಂಡ ಪ್ರವಾಸದಲ್ಲಿದ್ದಾಗ ರೊಕೆಯಾ ಇದನ್ನು ಬರೆದರು. ವಾಪಸ್ ಬಂದು ಓದಿದ ಗಂಡ "ಭಯಂಕರ ಸೇಡು!" ಎಂದರಂತೆ. ನನಗೆ ಈ ಕತೆ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಹೆಣ್ಣುಮಗಳು ಸೌರಶಕ್ತಿಯ ನಾಡನ್ನು ಕಟ್ಟಿದರು. ಇದನ್ನು ಅಮೆರಿಕದ ಸರಕು ಎನ್ನಲು ಹೇಗೆ ಸಾಧ್ಯ?

ಹಾಗಾದರೆ ನಿಮ್ಮ ಕತೆಯನ್ನು ಪಾಠ ಎಂದು ವಾಪಸ್ ಕಳಿಸಿದ್ದು ಯಾಕೆ? ಎರಡು ಕಾರಣ ಇರಬಹುದು. ಒಂದು ಕನ್ನಡದ ಚರಿತ್ರೆಯಲ್ಲಿದೆ. ನಮ್ಮಲ್ಲಿ ವಿಜ್ಞಾನ ಬರವಣಿಗೆ ಶುರುವಾದದ್ದೇ ತಿಳಿಸಿಕೊಡುವ ಆಸೆಯಿಂದ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ 'ವಿಜ್ಞಾನ' ಪತ್ರಿಕೆಯ ಕೆಲಸಕ್ಕೆ ಕೈ ಹಾಕಿದರು. ಶಿವರಾಮ ಕಾರಂತರು ಒಬ್ಬರೇ ಕೂತು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಬರೆದರು. ಅವರ ಋಣ ತೀರಿಸಲಾಗದು. ಆದರೆ ವಿಜ್ಞಾನ ಅಂದರೆ ಕಲಿಸುವುದು, ಕಲಿಯುವವರು ಅಂದರೆ ಮಕ್ಕಳು ಎಂಬ ರೂಢಿ ಅಲ್ಲಿಂದಲೇ ಬೆಳೆಯಿತು ಅಂತ ನನ್ನ ಅಂದಾಜು. ನವ್ಯದ ಕಾಲದ ಸಣ್ಣಕತೆ ಒಂಟಿ ಮನುಷ್ಯನ ಒಳಗಿಗೆ ಹೋಯಿತು. ಪ್ರಯೋಗಾಲಯಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ರಾಜಶೇಖರ ಭೂಸನೂರಮಠರು ದಶಕಗಳ ಕಾಲ ವೈಜ್ಞಾನಿಕ ಕತೆ, ಕಾದಂಬರಿಗಳನ್ನು ಬರೆದರು. ವಿಮರ್ಶಕರು ಅವರ ಕಡೆ ತಿರುಗಿ ನೋಡಿದ್ದು ಬಹಳ ಕಮ್ಮಿ. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಎರಡನೇ ಕಾರಣ ನಿಮ್ಮ ಕತೆಯಲ್ಲೇ ಇದೆ ಮೇಡಂ. ನೀವು ಒಳ್ಳೆಯ ಟೀಚರ್. ಅದು ಕತೆಯಲ್ಲಿ ಕಾಣಿಸುತ್ತದೆ, ಕಾಣಿಸಬಾರದ ಕಡೆಯೂ ಕಾಣಿಸುತ್ತದೆ. ಆ ಫೋನು ದನಿಯನ್ನು ಹೇಗೆ ಕಲಿಯುತ್ತದೆ ಎಂದು ಎರಡು ಪುಟ ಬರೆದಿದ್ದೀರಿ. ಕಲಿಸುವುದರಲ್ಲಿ ಅಷ್ಟು ಆಸೆ ಇದ್ದ ಗರ್ನ್ಸ್‌ಬ್ಯಾಕ್ ಕೂಡ ಮುಕ್ಕಾಲು ಪಾಲು ಸಾಹಿತ್ಯ, ಕಾಲು ಪಾಲು ವಿಜ್ಞಾನ ಸಾಕು ಎಂದಿದ್ದರು. ಸ್ಪರ್ಧೆಗೆ ಬಂದ ವೈಜ್ಞಾನಿಕ ಕತೆಗಳಲ್ಲಿ ನಾನು ಪಕ್ಕಕ್ಕಿಟ್ಟವು ಹೆಚ್ಚಾಗಿ ಇದೇ ಕಾರಣಕ್ಕೆ ಸೋತವು. ವಿಜ್ಞಾನಿ ಮಾತಾಡುತ್ತಾನೆ, ಪಕ್ಕದವನು "ಹೌದಾ ಸಾರ್?" ಎನ್ನುತ್ತಾನೆ, ವಿಜ್ಞಾನಿ ಮತ್ತೆ ಮಾತಾಡುತ್ತಾನೆ.

ಕತೆ ಹಳೇದಾಯಿತು ಎಂಬ ನಿಮ್ಮ ಬೇಜಾರಿಗೆ ಬರುತ್ತೇನೆ. ಈ ಪ್ರಕಾರದ ಕೆಲಸ ಭವಿಷ್ಯ ಹೇಳುವುದು ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಬಿತ್ತಿದ್ದರಲ್ಲಿ ಗರ್ನ್ಸ್‌ಬ್ಯಾಕ್ ಪಾಲೂ ಇದೆ. ಇವತ್ತಿನ ಅತಿರೇಕದ ಕತೆ ನಾಳೆಯ ನಿಜ ಎಂಬ ಘೋಷಣೆಯನ್ನೇ ಅವರು ಪತ್ರಿಕೆಯಲ್ಲಿ ಹಾಕಿಕೊಂಡಿದ್ದರು. ಆದರೆ ಚರಿತ್ರೆ ಬೇರೆಯೇ ಹೇಳುತ್ತದೆ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕವನ್ನು ವೆಲ್ಸ್ 1898ರಲ್ಲಿ ತಂದಾಗ ಮಂಗಳನಲ್ಲಿ ಕಾಲುವೆಗಳಿವೆ ಎಂದು ಕೆಲವು ಖಗೋಳಜ್ಞರೇ ನಂಬಿದ್ದರು. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ಚಿತ್ರ ಕಳಿಸಿತು. ಅಲ್ಲಿ ಕಂಡದ್ದು ಕುಳಿಗಳು, ಬರಡು ನೆಲ. ಆ ಲೆಕ್ಕದಲ್ಲಿ ಕಾದಂಬರಿ ಅವತ್ತೇ ಸಾಯಬೇಕಿತ್ತು. ಇನ್ನೂ ಓದುತ್ತಿದ್ದೇವೆ. ಯಾಕೆಂದರೆ ಅದರ ಮೊದಲ ಅಧ್ಯಾಯದಲ್ಲೇ ವೆಲ್ಸ್ ತಮ್ಮ ಜನರಿಗೆ ಒಂದು ಮಾತು ಹೇಳುತ್ತಾರೆ. ಈ ಮಂಗಳದವರನ್ನು ಕ್ರೂರಿಗಳು ಎನ್ನುವ ಮುಂಚೆ, ನಾವು ಯುರೋಪಿನವರು ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ಹೇಗೆ ಕೊಂದೆವು ಎಂದು ನೆನಪು ಮಾಡಿಕೊಳ್ಳಿ ಅಂತ. ಊರೂರು ಗೆಲ್ಲುತ್ತಿದ್ದ ಸಾಮ್ರಾಜ್ಯದ ಮಧ್ಯದಲ್ಲಿ ಕೂತು, ಸೋತವರ ಕಡೆಯಿಂದ ನೋಡಿದ ಕತೆ ಅದು. ಅದಕ್ಕೆ ಮ್ಯಾರಿನರ್ ಏನು ಮಾಡೀತು?

ಅರ್ಸುಲಾ ಲ ಗ್ವಿನ್ ಎಂಬ ದೊಡ್ಡ ಲೇಖಕಿ ಇದನ್ನು ನೇರವಾಗಿ ಹೇಳಿದರು. ಈ ಕತೆಗಳು ಭವಿಷ್ಯ ನುಡಿಯುವುದಿಲ್ಲ, ಇರುವುದನ್ನೇ ವರ್ಣಿಸುತ್ತವೆ ಎಂದು. ನಾನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉದಾಹರಣೆ ಮೊಬೈಲಿನದು. ಎಲ್ಲರ ಜೇಬಿನಲ್ಲೂ ಫೋನು ಬರುತ್ತದೆ ಎಂದು ಯಾವ ಇಂಜಿನಿಯರಾದರೂ ಊಹಿಸಬಹುದಿತ್ತು. ಆದರೆ ದುಡ್ಡು ಉಳಿಸಲು ನಮ್ಮ ಜನ ಮಿಸ್ಡ್ ಕಾಲ್ ಕೊಡುತ್ತಾರೆ, ಒಂದು ರಿಂಗ್ ಅಂದರೆ ಊರು ಮುಟ್ಟಿದೆ, ಎರಡು ರಿಂಗ್ ಅಂದರೆ ಬಸ್ ಸ್ಟ್ಯಾಂಡಿಗೆ ಬಾ ಎಂದು ಮಾತಾಡಿಕೊಳ್ಳುತ್ತಾರೆ ಎಂದು ಊಹಿಸಲು ಕತೆಗಾರರೇ ಬೇಕು.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ಮಕ್ಕಳಿಗೆ ಮಾತ್ರ ಬರೆಯುವುದು ಗೌರವದ ಕೆಲಸ. ನಿಮಗೆ ದಿನಾ ಮಕ್ಕಳ ಒಡನಾಟವೂ ಇದೆ. ಆದರೆ ನಿಮ್ಮ ವಿಷಯದಲ್ಲಿ ಅಪಾಯ ಏನೆಂದರೆ, ಕಲಿಸುವ ಅಭ್ಯಾಸ ಅಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಸೋತು ಹಿಂದೆ ಸರಿಯುವ ಜಾಗವಾಗಿ ಅದನ್ನು ಆರಿಸಿಕೊಳ್ಳಬೇಡಿ, ಮಕ್ಕಳಿಗೂ ಅದು ಗೊತ್ತಾಗಿಬಿಡುತ್ತದೆ.

ವಿಜ್ಞಾನ ಬಿಟ್ಟು ಸಾಮಾಜಿಕ ಕತೆ ಬರೆದರೆ ಅಚ್ಚಾಗುವುದು ಸುಲಭವಾದೀತು. ಬೇಕಾದರೆ ಒಂದೆರಡು ಬರೆದು ನೋಡಿ, ಕೈ ಪಳಗುತ್ತದೆ. ಆದರೆ ನಿಮ್ಮ ಕಣ್ಣಿಗೆ ಮಾತ್ರ ಕಾಣುವ ಒಂದು ಲೋಕವನ್ನು ಬಿಟ್ಟು ಎಲ್ಲರಿಗೂ ಕಾಣುವುದನ್ನೇ ಬರೆಯುತ್ತಾ ಹೋದರೆ ಒಳಗಿನ ಉತ್ಸಾಹ ಒಣಗಬಹುದು. ಪುರಾಣವನ್ನು ಬೆರೆಸುವ ದಾರಿಯೂ ಇದೆ. ಕಕುದ್ಮಿಯ ಮಗಳು ರೇವತಿಯ ಕಡೆಯಿಂದ ಆ ಕತೆ ಬರೆದರೆ ಎಷ್ಟು ಚೆನ್ನ! ಗೆಳತಿಯರು, ಊರು, ಭಾಷೆ ಎಲ್ಲ ಕಳೆದುಕೊಂಡು ಬಂದ ಹುಡುಗಿ ಅವಳು. ಆದರೆ ಅದನ್ನು ಕತೆ ಎಂದೇ ಬರೆಯಬೇಕು. ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಸಾಧಿಸಲು ಹೊರಟರೆ ಕತೆಯೂ ಹೋಗುತ್ತದೆ, ವಿಜ್ಞಾನದ ಟೀಚರ್ ಮೇಲಿನ ನಂಬಿಕೆಯೂ ಹೋಗುತ್ತದೆ.

ಇನ್ನೊಂದು ಉಪಾಯ, ಹಣೆಪಟ್ಟಿ ಅಂಟಿಸದೆ ಸುಮ್ನೆ 'ಕತೆ' ಎಂದು ಕಳಿಸುವುದು. ನಾನಾದರೆ ಇದನ್ನೇ ಮಾಡುತ್ತಿದ್ದೆ. ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದಾಗ ಅದನ್ನು ಯಾರೂ ವಿಜ್ಞಾನದ ಪಾಠ ಎನ್ನಲಿಲ್ಲ. ಹಾರುವ ಓತಿ, ಜೀವವಿಕಾಸ ಎಲ್ಲ ಅಲ್ಲಿದೆ. ಆದರೆ ಅವನ್ನು ನಾವು ನೋಡುವುದು ಮಂದಣ್ಣ, ಕರಿಯಪ್ಪ, ಪ್ಯಾರನ ಜೊತೆ ಕಾಡಿನಲ್ಲಿ ಅಲೆಯುತ್ತಾ. ಈ ಉಪಾಯದಲ್ಲೂ ಒಂದು ನಷ್ಟ ಇದೆ. ಎಲ್ಲರೂ ಹಣೆಪಟ್ಟಿ ಮುಚ್ಚಿಟ್ಟರೆ ಈ ಬಗೆಯದನ್ನು ಹುಡುಕುವ ಓದುಗರು ಒಂದು ಕಡೆ ಸೇರುವುದೇ ಇಲ್ಲ. ಅದಕ್ಕೇ ಕತೆಗಳನ್ನು ಹೊರಗೆ ಕಳಿಸುತ್ತಲೇ, ಹೀಗೆ ಬರೆಯುವ ನಾಲ್ಕು ಜನರನ್ನು ಹುಡುಕಿಕೊಳ್ಳಿ, ಒಬ್ಬರದನ್ನೊಬ್ಬರು ಓದಿ ತಿದ್ದಿಕೊಳ್ಳಿ. ಮರಾಠಿಯವರು ಇದನ್ನು ಚೆನ್ನಾಗಿ ಮಾಡಿದರು. ಅವರ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ 1974ರಲ್ಲಿ ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿನಲ್ಲಿ ಒಂದು ಕತೆ ಬಂತು, ಬಹುಮಾನವೂ ಬಂತು. ಬರೆದವರು ಖಗೋಳವಿಜ್ಞಾನಿ ಜಯಂತ ನಾರ್ಳಿಕರ್. ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದು ಎಂದು ಮೊದಲಕ್ಷರಗಳನ್ನು ತಿರುಗಿಸಿ ಬೇರೆ ಹೆಸರು ಕಟ್ಟಿಕೊಂಡಿದ್ದರು.

ಬರೆಯುವಾಗ ವೆಲ್ಸ್ ಅವರ ಒಂದು ಕಟ್ಟುಪಾಡು ನಿಮಗೆ ಅನುಕೂಲವಾದೀತು. ಒಂದು ಕತೆಗೆ ಒಂದೇ ಅಸಾಧ್ಯ. ಏನು ಬೇಕಾದರೂ ನಡೆಯಬಹುದು ಎಂದಾದರೆ ಯಾವುದರಲ್ಲೂ ಕುತೂಹಲ ಉಳಿಯುವುದಿಲ್ಲ ಎಂದು ಅವರು ಬರೆದಿದ್ದಾರೆ. ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮ ಊರಿನ ಹಾಗೇ ಇರಲಿ. ಕರೆಂಟು ಹೋಗಲಿ, ಸಂತೆ ಶುಕ್ರವಾರವೇ ಇರಲಿ.

ಈಗ ನಿಮ್ಮ ಕತೆ. ಮೇರಿ ಶೆಲ್ಲಿ ಅವರ ಬದುಕಿನ ಒಂದು ಸಂಗತಿಯನ್ನು ನಿಮಗಾಗಿಯೇ ಉಳಿಸಿಕೊಂಡಿದ್ದೆ. 'ಫ್ರಾಂಕೆನ್‌ಸ್ಟೈನ್' ಶುರುಮಾಡುವ ಸುಮಾರು ಒಂದು ವರ್ಷ ಮೊದಲು, 1815ರಲ್ಲಿ, ಅವರ ಹಸುಗೂಸು ತೀರಿಕೊಂಡಿತು. ಆ ಮಾರ್ಚ್‌ನಲ್ಲಿ ದಿನಚರಿಯಲ್ಲಿ ಒಂದು ಕನಸನ್ನು ಬರೆದಿಟ್ಟಿದ್ದಾರೆ. ಮಗು ಮತ್ತೆ ಜೀವ ಪಡೆಯಿತು, ಅದಕ್ಕೆ ಬರೀ ಚಳಿಯಾಗಿತ್ತು, ಬೆಂಕಿಯ ಮುಂದೆ ತಿಕ್ಕಿದೆವು, ಅದು ಬದುಕಿತು ಎಂದು. ಎದ್ದು ನೋಡಿದರೆ ಮಗು ಇಲ್ಲ. ಸತ್ತವರನ್ನು ಎಬ್ಬಿಸುವ ಕತೆಯನ್ನು ಬರೆದವರು ಇವರೇ. ನಿಮ್ಮ ಕತೆಯ ಹೆಂಡತಿ ರಾತ್ರಿ ಫೋನು ಹಿಡಿದು ಕೂರುವುದನ್ನು ಓದಿದಾಗ ನನಗೆ ಆ ಬೆಂಕಿಯೇ ನೆನಪಾಯಿತು. ಅಂಥ ಫೋನು ಇವತ್ತು ಅಂಗಡಿಯಲ್ಲಿ ಸಿಕ್ಕರೆ ನಿಮ್ಮ ಕತೆಗೆ ನಷ್ಟವೇನೂ ಇಲ್ಲ. ಓದುವವರಿಗೆ ಈಗ ಆ ಎರಡು ಪುಟದ ವಿವರಣೆ ಬೇಡವೇ ಬೇಡ, ಅಷ್ಟೇ. ಅದನ್ನು ತೆಗೆದುಹಾಕಿ.

ತೆಗೆದ ಜಾಗವನ್ನು ಅತ್ತೆಗೆ ಕೊಡಿ. ಸೊಸೆ ಮಲಗಿದ ಮೇಲೆ ಅತ್ತೆ ಕತ್ತಲಲ್ಲಿ ಬಂದು ಫೋನಿನ ಹತ್ತಿರ ಕೂರುತ್ತಾರೆ, ಮುಟ್ಟುವುದಿಲ್ಲ, ಎದ್ದು ಹೋಗುತ್ತಾರೆ ಎಂದು ಒಂದು ಕಡೆ ಎರಡೇ ಸಾಲು ಬರೆದಿದ್ದೀರಿ. ಹೆತ್ತ ಮಗನ ದನಿ ಒಂದು ಗುಂಡಿಯಷ್ಟು ದೂರದಲ್ಲಿದೆ, ಆಕೆ ಒತ್ತುತ್ತಿಲ್ಲ. ಯಾಕೆ ಒತ್ತಲಿಲ್ಲ? ನಿಮಗೆ ಗೊತ್ತಿದೆ ಅಂತ ನನಗೆ ಅನಿಸುತ್ತದೆ. ಆ ರಾತ್ರಿಯನ್ನು ಪೂರ್ತಿ ಬರೆದು ಕತೆಯನ್ನು ನನಗೆ ಇನ್ನೊಮ್ಮೆ ಕಳಿಸಿ.